ಅಳತೆ ಸರಿ, ಥ್ರಸ್ಟರ್ ತಪ್ಪು: ಹುಬ್ಬಳ್ಳಿಯ ಒಂದು ಮಷಿನ್ ಶಾಪ್‌ನ ಪ್ರಕರಣ

ಹುಬ್ಬಳ್ಳಿಯ ಒಂದು ಮಷಿನ್ ಶಾಪ್ ಮತ್ತು ಬೆಂಗಳೂರಿನ ಒಂದು ಸಣ್ಣ ಬಾಹ್ಯಾಕಾಶ ಕಂಪನಿ ಸೇರಿ ಮಾಡಿದ ಕೆಲಸದ ವಿವರ ಇದು. ಕಂಪನಿಯವರು ಸಣ್ಣ ಉಪಗ್ರಹಗಳಿಗೆ ಪ್ಲಾಸ್ಮಾ ಥ್ರಸ್ಟರ್ ಮಾಡುತ್ತಾರೆ, ಅಂದರೆ ವಿದ್ಯುತ್ತಿನಿಂದ ಅನಿಲವನ್ನು ಹೊರಗೆ ದಬ್ಬಿ ಉಪಗ್ರಹವನ್ನು ನೂಕುವ ಸಣ್ಣ ಎಂಜಿನ್. ಅದರ ಮುಖ್ಯ ಭಾಗಗಳನ್ನು ಹುಬ್ಬಳ್ಳಿಯಲ್ಲಿ ಮಾಡಿಸಲು ಬಂದರು. ಮೊದಲ ಲಾಟ್ ಅಳತೆಯಲ್ಲಿ ಎಲ್ಲೂ ತಪ್ಪಿರಲಿಲ್ಲ. ಆದರೂ ಥ್ರಸ್ಟರ್ ನೆಟ್ಟಗೆ ಕೆಲಸ ಮಾಡಲಿಲ್ಲ. ಕಾರಣ ಹುಡುಕಿದ್ದು ಹೇಗೆ, ನಡುವೆ ಏನೇನು ತೀರ್ಮಾನ ಮಾಡಿದರು ಅನ್ನೋದು ನಮ್ಮ ಕಡೆಯ ಬೇರೆ ಶಾಪ್‌ಗಳಿಗೂ ಬೇಕಾದ ವಿಷಯ ಅಂತ ಬರೆಯುತ್ತಿದ್ದೇನೆ.

ಹೆಸರು, ಬೆಲೆ, ದಿನಾಂಕ, ಗುರುತು ಸಿಗುವಂಥ ಅಳತೆ ಎಲ್ಲ ಬಿಟ್ಟಿದ್ದೇನೆ. ಒಂದನ್ನು ‘ಶಾಪ್’ ಅಂತ, ಇನ್ನೊಂದನ್ನು ‘ಕಂಪನಿ’ ಅಂತ ಕರೆಯುತ್ತೇನೆ. ಶಾಪ್‌ನ ಪರವಾಗಿ ಗುಣಮಟ್ಟದ ಕೆಲಸ ನೋಡುತ್ತಿದ್ದವನು ನಾನು. ಹಾಗಾಗಿ ಎರಡೂ ಕಡೆಯ ಮಾತು ನನ್ನ ಮುಂದೆಯೇ ನಡೆಯಿತು.

ಹಿನ್ನೆಲೆ

ಗೋಕುಲ ರೋಡ್, ತಾರಿಹಾಳ ಕಡೆ ಓಡಾಡಿದವರಿಗೆ ಗೊತ್ತು, ಹುಬ್ಬಳ್ಳಿಯಲ್ಲಿ ವಾಲ್ವ್ ಕೆಲಸ ಬಲ್ಲ ಕೈಗಳಿಗೆ ಕೊರತೆ ಇಲ್ಲ. ಈ ಶಾಪ್ ಕೂಡ ಅಂಥದ್ದೇ. ಬಾಲ್ ವಾಲ್ವ್‌ನ ಸೀಟು, ಸ್ಟೆಮ್, ಬಾಡಿ ಅವರ ದಿನದ ಕೆಲಸ. ಸೋರಿಕೆ ಅಂದರೆ ಅವರಿಗೆ ಆಗುವುದಿಲ್ಲ. ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು) ಲೆಕ್ಕದಲ್ಲಿ ಲ್ಯಾಪಿಂಗ್ ಮಾಡುವ, ಅಂದರೆ ಉಜ್ಜಿ ನುಣುಪು ಮಾಡುವ ಹಳೆಯ ಆಪರೇಟರ್‌ಗಳು ಇದ್ದಾರೆ. ಕಂಪ್ಯೂಟರ್ ನಡೆಸುವ ಒಳ್ಳೆಯ ಸಿಎನ್‌ಸಿ ಲೇಥ್‌ಗಳಿವೆ, ಅಳತೆ ನೋಡಲು ಸಿಎಂಎಂ ಅನ್ನುವ ಒಂದು ಯಂತ್ರ ಇದೆ.

ಕಂಪನಿ ಹುಬ್ಬಳ್ಳಿಗೆ ಬಂದದ್ದು ಬೇರೆ ದಾರಿ ಇಲ್ಲದೆ. ಹೊರದೇಶದಿಂದ ಸೆರಾಮಿಕ್ ಭಾಗ ತರಿಸಿದರೆ ತಿಂಗಳುಗಟ್ಟಲೆ ಕಾಯಬೇಕು. ಬೆಂಗಳೂರಿನ ದೊಡ್ಡ ಶಾಪ್‌ಗಳಿಗೆ ನಾಲ್ಕೈದು ಪೀಸ್‌ನ ಆರ್ಡರ್ ಬೇಡ. ಶಾಪ್‌ನ ಯಜಮಾನರು ಲಾಭ ನೋಡಿ ಒಪ್ಪಲಿಲ್ಲ, ಹೊಸ ಕೆಲಸ ಕಲಿಯಬೇಕು ಅಂತ ಒಪ್ಪಿದರು.

ಇದಕ್ಕೆ ದೇಶದ ಹಿನ್ನೆಲೆಯೂ ಇದೆ. 2010ರ ಏಪ್ರಿಲ್‌ನಲ್ಲಿ ಇಸ್ರೋ ಜಿಸ್ಯಾಟ್-4ರಲ್ಲಿ ವಿದ್ಯುತ್ ಥ್ರಸ್ಟರ್ ಇಟ್ಟು ಕಳಿಸಿತ್ತು. ರಾಕೆಟ್ ವಿಫಲವಾಗಿ ಉಪಗ್ರಹವೇ ಕಳೆದುಹೋಯಿತು. 2017ರ ಮೇ ತಿಂಗಳಲ್ಲಿ ಹೋದ ಜಿಸ್ಯಾಟ್-9, ಅಂದರೆ ದಕ್ಷಿಣ ಏಷ್ಯಾ ಉಪಗ್ರಹ, ಕ್ಸೆನಾನ್ ಬಳಸುವ ವಿದ್ಯುತ್ ಪ್ರೊಪಲ್ಷನ್ ಹೊತ್ತು ಹೋಯಿತು. 2020ರಲ್ಲಿ ಖಾಸಗಿಯವರಿಗೆ ಬಾಗಿಲು ತೆರೆದು ಇನ್‌ಸ್ಪೇಸ್ ಅನ್ನುವ ಸರ್ಕಾರಿ ಸಂಸ್ಥೆ ಬಂತು. 2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿ-ಸಿ58ರ ಕೊನೆಯ ಹಂತವನ್ನೇ ಪ್ರಯೋಗದ ವೇದಿಕೆ ಮಾಡಿದರು. ಅದರ ಮೇಲೆ ಬೆಂಗಳೂರಿನ ಬೆಲಾಟ್ರಿಕ್ಸ್ ಏರೋಸ್ಪೇಸ್ ಥ್ರಸ್ಟರ್‌ಗೆ ಎಲೆಕ್ಟ್ರಾನ್ ಒದಗಿಸುವ ತನ್ನ ಹಾಲೋ ಕ್ಯಾಥೋಡ್ ಇಟ್ಟು ಪರೀಕ್ಷೆ ಮಾಡಿತು. ಇಂಥ ಸುದ್ದಿ ಬಂದಾಗಲೆಲ್ಲ ಭಾಗ ಮಾಡಿಕೊಡುವವರು ಯಾರು ಅನ್ನುವ ಪ್ರಶ್ನೆಯೂ ಜೊತೆಗೆ ಬರುತ್ತದೆ.

ಥ್ರಸ್ಟರ್ ಏನು ಮಾಡುತ್ತದೆ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದೆ ಆದದ್ದೆಲ್ಲ ಇದರ ಮೇಲೆ ನಿಂತಿದೆ.

ಕಂಪನಿಯದು ಹಾಲ್ ಥ್ರಸ್ಟರ್, 200 ವಾಟ್ ಆಸುಪಾಸಿನದು. ಉಂಗುರದ ಆಕಾರದ ಒಂದು ಆಳವಾದ ಕಾಲುವೆ ಇರುತ್ತದೆ, ಅದಕ್ಕೆ ಚಾನಲ್ ಅಂತಾರೆ. ಅದರ ತಳದಲ್ಲಿ ಆನೋಡ್, ಅಂದರೆ ಧನ ವಿದ್ಯುತ್ತಿನ ತುದಿ. ಆನೋಡ್‌ನ ಸಣ್ಣ ತೂತುಗಳಿಂದ ಕ್ಸೆನಾನ್ ಅನಿಲ ಒಳಗೆ ಬರುತ್ತದೆ. ಹೊರಗಿರುವ ಕ್ಯಾಥೋಡ್ ಎಲೆಕ್ಟ್ರಾನ್‌ಗಳನ್ನು ಬಿಡುತ್ತದೆ. ಅವು ಆನೋಡ್ ಕಡೆ ಓಡಲು ನೋಡುತ್ತವೆ. ಆದರೆ ಚಾನಲ್‌ನ ಬಾಯಲ್ಲಿ ಅಡ್ಡಲಾಗಿ ಕಾಂತಕ್ಷೇತ್ರ ಇರುತ್ತದೆ, ಸುಮಾರು 200 ಗಾಸ್‌ನಷ್ಟು. ಅದು ಎಲೆಕ್ಟ್ರಾನ್‌ಗಳನ್ನು ನೇರ ಹೋಗಲು ಬಿಡದೆ ಉಂಗುರದ ಸುತ್ತ ಸುತ್ತಿಸುತ್ತದೆ. ಸುತ್ತುವಾಗ ಅವು ಕ್ಸೆನಾನ್ ಪರಮಾಣುಗಳಿಗೆ ಡಿಕ್ಕಿ ಹೊಡೆದು ಅಯಾನು ಮಾಡುತ್ತವೆ. ಅಯಾನು ತುಂಬ ಭಾರ, ಈ ಕಾಂತಕ್ಷೇತ್ರ ಅದನ್ನು ಹಿಡಿಯಲಾರದು. ಆನೋಡ್‌ಗೆ ಕೊಟ್ಟ ವೋಲ್ಟೇಜ್ ಅದನ್ನು ಹೊರಗೆ ದಬ್ಬುತ್ತದೆ. 300 ವೋಲ್ಟ್ ಪೂರ್ತಿ ಸಿಕ್ಕರೆ ಕ್ಸೆನಾನ್ ಅಯಾನು ಸೆಕೆಂಡಿಗೆ 21 ಕಿಲೋಮೀಟರ್ ವೇಗದಲ್ಲಿ ಹೊರಡುತ್ತದೆ.

ಸಿಗುವ ನೂಕುಬಲ ಮಾತ್ರ 10 ಮಿಲಿನ್ಯೂಟನ್. ಅಂದರೆ ಅಂಗೈ ಮೇಲೆ ಇಟ್ಟ ಒಂದು ಗ್ರಾಂ ತೂಕದಷ್ಟು. ಇಷ್ಟರಿಂದ ಏನಾಗುತ್ತದೆ ಅಂತ ಶಾಪ್‌ನಲ್ಲಿ ಎಲ್ಲರೂ ಕೇಳಿದರು. ಲೆಕ್ಕ ಹೀಗಿದೆ. 100 ಕೆಜಿ ಉಪಗ್ರಹದ ವೇಗವನ್ನು ಸೆಕೆಂಡಿಗೆ 100 ಮೀಟರ್ ಬದಲಿಸಬೇಕು ಅಂದುಕೊಳ್ಳಿ. ಹೈಡ್ರಜೀನ್ ಅನ್ನುವ ರಾಸಾಯನಿಕ ಬಳಸುವ ಥ್ರಸ್ಟರ್‌ಗೆ ಸುಮಾರು ನಾಲ್ಕೂವರೆ ಕೆಜಿ ಇಂಧನ ಬೇಕು. ಹಾಲ್ ಥ್ರಸ್ಟರ್‌ಗೆ 800 ಗ್ರಾಂ ಒಳಗೆ ಕ್ಸೆನಾನ್ ಸಾಕು. ಆದರೆ ಬಿಡದೆ ಹನ್ನೊಂದೂವರೆ ದಿನ ಉರಿಯುತ್ತಿರಬೇಕು. ಸಣ್ಣ ಉಪಗ್ರಹಕ್ಕೆ ಸಮಯ ಇರುತ್ತದೆ, ಜಾಗ ಮತ್ತು ತೂಕ ಇರುವುದಿಲ್ಲ. ಅದಕ್ಕೇ 1971ರ ಕೊನೆಯಲ್ಲಿ ಸೋವಿಯತ್ ಒಕ್ಕೂಟ ಮಿಟಿಯೋರ್ ಉಪಗ್ರಹದಲ್ಲಿ ಮೊದಲ ಸಲ ಹಾರಿಸಿದ ಈ ವಿದ್ಯೆ ಈಗ ಸಣ್ಣ ಉಪಗ್ರಹದವರಿಗೆ ಬೇಕಾಗಿದೆ.

ಶಾಪ್‌ಗೆ ಕೊಟ್ಟದ್ದು ಮೂರು ಕೆಲಸ. ಒಂದು, ಬೋರಾನ್ ನೈಟ್ರೈಡ್ ಸೆರಾಮಿಕ್‌ನ ಚಾನಲ್. ಎರಡು, ಕಾಂತಕ್ಷೇತ್ರಕ್ಕೆ ದಾರಿ ಮಾಡುವ ಶುದ್ಧ ಕಬ್ಬಿಣದ ಭಾಗಗಳು: ಮಧ್ಯದ ಕಂಬ, ಒಳಗಿನ ಮತ್ತು ಹೊರಗಿನ ಪೋಲ್ ಉಂಗುರಗಳು, ಹಿಂಬದಿಯ ತಟ್ಟೆ. ಮೂರು, ಆನೋಡ್.

ಮೊದಲ ಲಾಟ್

ಡ್ರಾಯಿಂಗ್ ಬಂತು. ಬಿಗಿ ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆ ಅನ್ನುವ ಮಿತಿ), ಆದರೆ ಶಾಪ್‌ಗೆ ಅದು ಹೊಸದಲ್ಲ. ಬೋರಾನ್ ನೈಟ್ರೈಡ್ ನೋಡಿ ಎಲ್ಲರಿಗೂ ಆಶ್ಚರ್ಯ. ಸೆರಾಮಿಕ್ ಅಂದರೆ ಕಲ್ಲಿನಂತೆ ಗಟ್ಟಿ ಅಂದುಕೊಂಡಿದ್ದರು. ಇದು ಮೆತ್ತಗೆ, ಬಿಳಿ, ಉಗುರಿನಿಂದ ಗೀಚಿದರೂ ಗೀರು ಬೀಳುತ್ತದೆ. ಸಾಮಾನ್ಯ ಕಾರ್ಬೈಡ್ ಟೂಲ್‌ನಲ್ಲೇ ಸಲೀಸಾಗಿ ಕತ್ತರಿಸುತ್ತದೆ. ಕೆಲಸ ಬೇಗ ಮುಗಿಯಿತು. ಸಿಎಂಎಂ ವರದಿಯಲ್ಲಿ ಒಂದೂ ಕೆಂಪು ಗೆರೆ ಇರಲಿಲ್ಲ. ಕಂಪನಿಯವರು ಬೆಂಗಳೂರಿನಲ್ಲಿ ಮತ್ತೆ ಅಳೆದರು, ಅಲ್ಲೂ ಸರಿ. ಎಲ್ಲರಿಗೂ ಖುಷಿ.

ನಂತರ ಜೋಡಿಸಿ ವ್ಯಾಕ್ಯೂಮ್ ಚೇಂಬರ್‌ಗೆ ಹಾಕಿದರು.

ಈ ಚೇಂಬರ್ ಹುಬ್ಬಳ್ಳಿಯಲ್ಲಿ ಯಾಕಿಲ್ಲ ಅಂತ ಕೇಳುವವರಿದ್ದಾರೆ, ಹೇಳಿಬಿಡುತ್ತೇನೆ. ಥ್ರಸ್ಟರ್ ಸೆಕೆಂಡಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆ ಕ್ಸೆನಾನ್ ಬಿಡುತ್ತದೆ. ಅಷ್ಟೇ ಅನಿಲ ಬಿಡುತ್ತಿರುವಾಗ ಒತ್ತಡವನ್ನು ಮಿಲಿಬಾರ್‌ನ 50 ಸಾವಿರದಲ್ಲಿ ಒಂದು ಪಾಲಿಗೆ ಹಿಡಿದಿಡಬೇಕಾದರೆ ಪಂಪುಗಳು ಸೆಕೆಂಡಿಗೆ ಸುಮಾರು 7 ಸಾವಿರ ಲೀಟರ್ ಎಳೆಯಬೇಕು. ಅದಕ್ಕೆ ಅನಿಲವನ್ನು ಅತಿ ತಣ್ಣಗೆ ಮಾಡಿ ಹಿಡಿಯುವ ದೊಡ್ಡ ಕ್ರಯೋಪಂಪ್ ಬೇಕು. ಅದು ಶಾಪ್ ಮಟ್ಟದ ಖರ್ಚಲ್ಲ.

ತೊಂದರೆ

ಮೊದಲು ಕಂಡದ್ದು, ಒತ್ತಡ ಇಳಿಯುತ್ತಲೇ ಇಲ್ಲ. ಖಾಲಿ ಚೇಂಬರ್ ರಾತ್ರಿಯೊಳಗೆ ಇಳಿಯುತ್ತಿತ್ತು. ಥ್ರಸ್ಟರ್ ಇಟ್ಟ ಮೇಲೆ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಹೇಗೋ ಸಾಕಷ್ಟು ಇಳಿಸಿ ಹೊತ್ತಿಸಿದರು. ಪ್ಲಾಸ್ಮಾ ಹೊತ್ತಿತು, ಆದರೆ ಕರೆಂಟ್ ಒಂದೇ ಸಮ ನಿಲ್ಲಲಿಲ್ಲ. ಏರುತ್ತ ಇಳಿಯುತ್ತ ಕೊನೆಗೆ ಪವರ್ ಸಪ್ಲೈ ಟ್ರಿಪ್ ಆಯಿತು. ತೆಗೆದು ನೋಡಿದರೆ ಬಿಳಿ ಚಾನಲ್‌ನ ಗೋಡೆ ಕಪ್ಪಾಗಿತ್ತು.

ಈ ಥ್ರಸ್ಟರ್‌ನಲ್ಲಿ ಚಾನಲ್ ಗೋಡೆ ವಿದ್ಯುತ್ ಹರಿಯದ ವಸ್ತು ಆಗಿರಬೇಕು. ಕಪ್ಪು ಅಂದರೆ ಕಾರ್ಬನ್, ಅದರ ಮೇಲೆ ಕರೆಂಟ್ ಹರಿಯುತ್ತದೆ. ಹಾಗಾದರೆ ಕಾರ್ಬನ್ ಎಲ್ಲಿಂದ ಬಂತು?

ಇಲ್ಲಿ ಬಹಳ ಸಮಯ ಹೋಯಿತು. ಕಂಪನಿಯ ಹುಡುಗರಿಗೆ ಮೊದಲು ಬಂದ ಸಂಶಯ ಚೇಂಬರ್ ಮೇಲೆ. ಅದು ಸುಮ್ನೆ ಬಂದ ಸಂಶಯ ಅಲ್ಲ. ಚೇಂಬರ್‌ನ ಎದುರುಗೋಡೆಗೆ ಗ್ರಾಫೈಟ್ ಹಲಗೆ ಹಾಕಿರುತ್ತಾರೆ. ಥ್ರಸ್ಟರ್‌ನಿಂದ ಬರುವ ಅಯಾನುಗಳು ಅದಕ್ಕೆ ಬಡಿದಾಗ ಕಾರ್ಬನ್ ಪರಮಾಣುಗಳು ಸಿಡಿದು ವಾಪಸ್ ಥ್ರಸ್ಟರ್ ಮೇಲೆ ಕೂರುತ್ತವೆ. ನೆಲದ ಮೇಲೆ ಮಾಡುವ ಪರೀಕ್ಷೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ತೊಂದರೆ. ಅವರು ಹಲಗೆಯ ಜಾಗ ಬದಲಿಸಿದರು, ಪಂಪ್ ಪರೀಕ್ಷಿಸಿದರು, ಪೈಪ್ ಜೋಡಣೆ ಬಿಚ್ಚಿ ಕಟ್ಟಿದರು. ಏನೂ ಬದಲಾಗಲಿಲ್ಲ.

ತಿರುವು ಕೊಟ್ಟದ್ದು ಚೇಂಬರ್‌ಗೆ ಹಾಕಿದ್ದ ಅನಿಲ ವಿಶ್ಲೇಷಕ. ಒಳಗೆ ಉಳಿದ ಅನಿಲ ಯಾವುದು ಅಂತ ಅಣುವಿನ ತೂಕದ ಮೇಲೆ ಹೇಳುವ ಯಂತ್ರ ಅದು. ಎಲ್ಲರೂ ಪ್ಲಾಸ್ಮಾ ಉರಿಯುವಾಗಿನ ದಾಖಲೆಯನ್ನೇ ನೋಡುತ್ತಿದ್ದರು. ಒಬ್ಬ ಹುಡುಗಿ, ಆಗಷ್ಟೇ ಕೆಲಸಕ್ಕೆ ಸೇರಿದವಳು, ಹೊತ್ತಿಸುವ ಮೊದಲಿನ ದಾಖಲೆ ತೆಗೆದು ನೋಡಿದಳು. 18ರಲ್ಲಿ ಎತ್ತರದ ಗೆರೆ, ಅದು ನೀರು. ಅದರ ಜೊತೆಗೆ 41, 43, 55, 57ರಲ್ಲಿ ಗೆರೆಗಳು. ಇವು ಒಟ್ಟಿಗೆ ಕಂಡರೆ ಎಣ್ಣೆ ಅಂತಲೇ ಅರ್ಥ. ಗ್ರಾಫೈಟ್‌ಗೆ ಇನ್ನೂ ಒಂದು ಅಯಾನೂ ಬಡಿದಿರಲಿಲ್ಲ. ಎಣ್ಣೆ ಆಗಲೇ ಒಳಗಿತ್ತು.

ಮರುದಿನ ಅವಳು ಶಾಪ್‌ಗೆ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ. ಚಾನಲ್ ಕತ್ತರಿಸುವಾಗ ಕೂಲಂಟ್ ಹಾಕಿದ್ದಿರಾ? ಉತ್ತರ ತಕ್ಷಣ ಬಂತು. ‘ಹಾಕಿವ್ರೀ ಮೇಡಂ, ಕೂಲಂಟ್ ಇಲ್ದ ಹ್ಯಾಂಗ ಕಟ್ ಮಾಡೂದು?’

ಶಾಪ್‌ನ ಕಡೆಯಿಂದ ಇದು ಪೂರ್ತಿ ಸರಿಯಾದ ಉತ್ತರ. ಉಕ್ಕು ಕತ್ತರಿಸುವವರು ಕೂಲಂಟ್ ನಿಲ್ಲಿಸಿದರೆ ಟೂಲ್ ಸುಡುತ್ತದೆ, ಅಳತೆ ಹೋಗುತ್ತದೆ. ಡ್ರಾಯಿಂಗ್‌ನಲ್ಲಿ ಕೂಲಂಟ್ ಬೇಡ ಅಂತ ಎಲ್ಲೂ ಇರಲಿಲ್ಲ. ಆದರೆ ಬಿಸಿ ಮಾಡಿ ಒತ್ತಿ ತಯಾರಿಸಿದ ಬೋರಾನ್ ನೈಟ್ರೈಡ್‌ನಲ್ಲಿ ಸಣ್ಣ ಸಣ್ಣ ರಂಧ್ರ ಇರುತ್ತವೆ. ಎಷ್ಟೋ ಗ್ರೇಡ್‌ಗಳಲ್ಲಿ ಹಿಡಿದಿಡಲು ಬೋರಿಕ್ ಆಕ್ಸೈಡ್ ಇರುತ್ತದೆ, ಅದು ನೀರನ್ನು ಎಳೆದುಕೊಳ್ಳುತ್ತದೆ. ನೀರಿನಲ್ಲಿ ಕಲಸಿದ ಎಣ್ಣೆಯೇ ಕೂಲಂಟ್. ಎರಡೂ ಒಳಗೆ ಹೋಗಿ ಕೂತಿದ್ದವು. ಹೊರಗೆ ಒರೆಸಿದರೆ ಏನೂ ಕಾಣದು.

ಖಚಿತ ಮಾಡಿಕೊಳ್ಳಲು ಹುಬ್ಬಳ್ಳಿಯಲ್ಲಿ ಉಳಿದಿದ್ದ ಒಂದು ಚಾನಲ್ ತೆಗೆದುಕೊಂಡೆವು. ಅದು ಪ್ಲಾಸ್ಮಾ ಕಂಡೇ ಇರಲಿಲ್ಲ. ಓವನ್‌ನಲ್ಲಿಟ್ಟು ನಿಧಾನ ಬಿಸಿ ಮಾಡಿದೆವು. ಮೊದಲು ಸುಟ್ಟ ಎಣ್ಣೆಯ ವಾಸನೆ ಬಂತು. ತೆಗೆದಾಗ ಅಂಚುಗಳ ಸುತ್ತ ಹಳದಿ, ಒಳಗೋಡೆಯ ಉದ್ದಕ್ಕೂ ಕಂದು. ಟೂಲ್ ಹೆಚ್ಚು ಹೊತ್ತು ಓಡಿದ ಒಳಮೂಲೆಯಲ್ಲಿ ಬಣ್ಣ ಎಲ್ಲಕ್ಕಿಂತ ಗಾಢ. ಆಪರೇಟರ್ ಅದನ್ನು ಕೈಯಲ್ಲಿ ತಿರುಗಿಸಿ ನೋಡುತ್ತ ನಿಂತರು. ಕೂಲಂಟ್‌ನ ನಳಿಗೆ ಯಾವ ಕಡೆಯಿಂದ ಬರುತ್ತಿತ್ತು ಅನ್ನುವುದನ್ನೂ ಆ ಬಣ್ಣದ ಮೇಲೆ ತೋರಿಸಬಹುದಿತ್ತು.

ಮುಂದೇನು

ಮೂರು ದಾರಿ ಇದ್ದವು. ಇರುವ ಚಾನಲ್‌ಗಳನ್ನು ಸುಟ್ಟು ಎಣ್ಣೆ ತೆಗೆದು ಉಳಿಸಿಕೊಳ್ಳುವುದು. ಶಾಪ್ ಬಿಟ್ಟು ಬೇರೆಯವರನ್ನು ಹುಡುಕುವುದು. ಇಲ್ಲೇ ಮೊದಲಿನಿಂದ ಮಾಡುವುದು.

ಸುಡುವ ದಾರಿ ಅಗ್ಗ ಕಂಡಿತು. ಬೋರಾನ್ ನೈಟ್ರೈಡ್ ಬಿಸಿಗೆ ಹೆದರುವ ವಸ್ತುವಲ್ಲ. ಆದರೆ ಬೋರಿಕ್ ಆಕ್ಸೈಡ್ 450 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕರಗುತ್ತದೆ. ಕಾರ್ಬನ್ ಪೂರ್ತಿ ಸುಡಬೇಕಾದರೆ ಅದನ್ನು ದಾಟಬೇಕು. ದಾಟಿದರೆ ಒಳಗೆ ಏನು ಎಲ್ಲಿಗೆ ಸರಿಯಿತು ಅಂತ ಯಾರೂ ಖಾತ್ರಿ ಕೊಡಲಾರರು. ಆ ಚಾನಲ್‌ಗಳನ್ನು ಜೋಡಣೆ ಕಲಿಯಲು ಮಾತ್ರ ಬಳಸೋಣ, ಉರಿಸುವುದು ಬೇಡ ಅಂತ ಕಂಪನಿ ತೀರ್ಮಾನಿಸಿತು. ನನ್ನ ಪ್ರಕಾರ ಇದು ಒಳ್ಳೆಯ ತೀರ್ಮಾನ. ಅನುಮಾನ ಇರುವ ಭಾಗ ಮತ್ತೆ ಪರೀಕ್ಷೆಗೆ ಹೋದರೆ ಮುಂದಿನ ಪ್ರತಿ ತೊಂದರೆಗೂ ಅದನ್ನೇ ದೂರುತ್ತ ಕೂರಬೇಕಾಗುತ್ತದೆ.

ಶಾಪ್ ಬಿಡುವ ಮಾತೂ ಗಂಭೀರವಾಗಿಯೇ ನಡೆಯಿತು. ಅದನ್ನು ತಡೆದದ್ದು ಯಜಮಾನರ ಒಂದು ಬೇಡಿಕೆ. ಇನ್ನೊಂದು ಡ್ರಾಯಿಂಗ್ ಕಳಿಸಬೇಡಿ, ಡಿಸೈನ್ ಮಾಡಿದವರನ್ನೇ ಕಳಿಸಿ ಅಂದರು. ವಸ್ತುವಿನ ಖರ್ಚು ಕಂಪನಿಯದು, ಕೆಲಸದ ಖರ್ಚು ಶಾಪ್‌ನದು ಅಂತ ಒಪ್ಪಂದ ಆಯಿತು. ಇಬ್ಬರು ಡಿಸೈನರ್‌ಗಳು ಹುಬ್ಬಳ್ಳಿಗೆ ಬಂದು ಲೇಥ್ ಪಕ್ಕದಲ್ಲೇ ಕೂತರು. ಪ್ರತಿ ಭಾಗ ಏನು ಮಾಡುತ್ತದೆ, ಅದನ್ನು ಏನು ಮುಟ್ಟಬಾರದು ಅಂತ ಆಪರೇಟರ್‌ಗಳಿಗೆ ಕನ್ನಡದಲ್ಲಿ ಹೇಳಿದರು. ಈ ಪ್ರಕರಣದಲ್ಲಿ ಅತಿ ಕಡಿಮೆ ದುಡ್ಡು ಖರ್ಚಾಗಿ ಅತಿ ಹೆಚ್ಚು ಫಲ ಕೊಟ್ಟ ಕೆಲಸ ಇದು.

ಶಾಪ್ ಒಂದು ಲೇಥ್ ಬೇರೆ ಮಾಡಿತು. ಅದರ ಟ್ಯಾಂಕ್ ಖಾಲಿ ಮಾಡಿ, ಒಳಗೆಲ್ಲ ತೊಳೆದು, ಒಣಗಿಸಿ, ಕೂಲಂಟ್ ಪೈಪನ್ನೇ ಕಳಚಿದರು. ಬರೀ ಬಂದ್ ಮಾಡಿದರೆ ಯಾರಾದರೂ ಅಭ್ಯಾಸಬಲದಿಂದ ಆನ್ ಮಾಡುತ್ತಾರೆ, ಅಲ್ವಾ? ಬಿಳಿ ಪುಡಿ ಎಳೆಯಲು ಟೂಲ್ ಪಕ್ಕದಲ್ಲೇ ವ್ಯಾಕ್ಯೂಮ್ ನಳಿಗೆ ಇಟ್ಟರು. ಬರಿಗೈಯಲ್ಲಿ ಮುಟ್ಟುವಂತಿಲ್ಲ. ಒಣಕಟ್‌ನಲ್ಲಿ ಹೊಸ ತೊಂದರೆ ಬಂತು, ತೆಳು ಅಂಚು ಚಕ್ಕೆ ಏಳುತ್ತಿತ್ತು. ಟೂಲ್ ಹೊರಗಿನಿಂದ ಒಳಗೆ ಬರುವಂತೆ ದಿಕ್ಕು ತಿರುಗಿಸಿ, ಕೊನೆಯ ಕಟ್‌ಗೆ ಹೊಸ ಟೂಲ್ ಹಾಕಿದ ಮೇಲೆ ಕಡಿಮೆಯಾಯಿತು.

ಮಳೆಗಾಲ ಬೇರೆ ಶುರುವಾಗಿತ್ತು. ಹುಬ್ಬಳ್ಳಿ-ಧಾರವಾಡದ ಜುಲೈನ ಜಿಟಿಜಿಟಿ ಮಳೆ ಗೊತ್ತೇ ಇದೆ, ಹೊರಗೆ ಹಾಕಿದ ಬಟ್ಟೆ ಎರಡು ದಿನವಾದರೂ ಒಣಗದು. ಅಂಥ ಗಾಳಿಯಲ್ಲಿ ಮುಗಿದ ಚಾನಲ್ ಇಟ್ಟರೆ ನೀರು ಎಳೆದುಕೊಳ್ಳದೆ ಇರುವುದಿಲ್ಲ. ಕತ್ತರಿಸಿದ ಕೂಡಲೇ ಓವನ್‌ನಲ್ಲಿ ಒಣಗಿಸಿ, ಬಿಸಿ ಆರುವಷ್ಟರಲ್ಲಿ ಸಿಲಿಕಾ ಜೆಲ್ ಹಾಕಿದ ಚೀಲದಲ್ಲಿಟ್ಟು ಗಾಳಿ ಎಳೆದು ಸೀಲ್ ಮಾಡುವ ಕ್ರಮ ಬಂತು. ಚೀಲ ಒಡೆಯುವುದು ಥ್ರಸ್ಟರ್ ಜೋಡಿಸುವ ಕೋಣೆಯಲ್ಲೇ.

ಹೊಸ ಚಾನಲ್ ಹಾಕಿದಾಗ ಒತ್ತಡ ಇಳಿಯಿತು. ಎಣ್ಣೆಯ ಗೆರೆಗಳು ಹೋದವು. ಗೋಡೆ ಬಿಳಿಯಾಗೇ ಉಳಿಯಿತು. ಆದರೆ ನೂಕುಬಲ ಲೆಕ್ಕಕ್ಕಿಂತ ಕಡಿಮೆ ಬಂತು.

ಮೂರು ತಗ್ಗು

ಈ ಸಲ ಕಂಪನಿಯವರು ಚೇಂಬರ್ ಹಿಂದೆ ಬೀಳಲಿಲ್ಲ. ಥ್ರಸ್ಟರ್ ಹೊರಗೆ ತೆಗೆದು, ಕಾಂತಕ್ಷೇತ್ರ ಹುಟ್ಟಿಸುವ ತಂತಿಯ ಸುರುಳಿಗೆ, ಅಂದರೆ ಕಾಯಿಲ್‌ಗೆ, ಮಾತ್ರ ಕರೆಂಟ್ ಕೊಟ್ಟು, ಚಾನಲ್‌ನ ಬಾಯ ಸುತ್ತ ಗಾಸ್‌ಮೀಟರ್ ಹಿಡಿದು ಕಾಂತಕ್ಷೇತ್ರ ಅಳೆದರು. ಕಂಪ್ಯೂಟರ್ ಲೆಕ್ಕಕ್ಕಿಂತ ಒಟ್ಟಾರೆ ಕಡಿಮೆ ಇತ್ತು. ಅದಕ್ಕಿಂತ ಮುಖ್ಯವಾಗಿ, ಸುತ್ತ ಒಂದೇ ಸಮ ಇರಲಿಲ್ಲ. ಉಂಗುರದಲ್ಲಿ ಮೂರು ಕಡೆ ತಗ್ಗು. ಕಾಂತಕ್ಷೇತ್ರ ಕಡಿಮೆ ಇರುವಲ್ಲಿ ಎಲೆಕ್ಟ್ರಾನ್‌ಗಳು ತಪ್ಪಿಸಿಕೊಂಡು ನೇರ ಆನೋಡ್‌ಗೆ ಹೋಗುತ್ತವೆ. ಕರೆಂಟ್ ಖರ್ಚಾಗುತ್ತದೆ, ನೂಕುಬಲ ಬರುವುದಿಲ್ಲ.

ಕಬ್ಬಿಣದ ಗುಣವೇ ಕೆಟ್ಟದ್ದಿರಬೇಕು ಅಂದರು ಒಬ್ಬರು. ಕಾಯಿಲ್ ಸುತ್ತಿದ್ದು ತಪ್ಪಿರಬೇಕು ಅಂದರು ಇನ್ನೊಬ್ಬರು. ಯಾಕೋ ಈ ಗ್ರಾಫ್ ಹುಬ್ಬಳ್ಳಿಗೂ ಕಳಿಸೋಣ ಅಂತ ಆ ಹುಡುಗಿ ಕಳಿಸಿದಳು. ನಾನು ಅದನ್ನು ಪ್ರಿಂಟ್ ತೆಗೆದು ಶಾಪ್ ಒಳಗೆ ಒಯ್ದೆ. ನಿವೃತ್ತಿಗೆ ಹತ್ತಿರವಾದ ಒಬ್ಬ ಟರ್ನರ್ ಅದನ್ನು ಒಮ್ಮೆ ನೋಡಿ, ಮಷಿನ್ ಕಡೆ ಬೆರಳು ತೋರಿಸಿದರು. ‘ಇದು ಚಕ್ ಐತ್ರೀ. ಮೂರು ಜಾ, ನೂರಾ ಇಪ್ಪತ್ತು ಡಿಗ್ರಿ.’

ಹೌದು. ಮೂರು ತಗ್ಗಿನ ನಡುವೆ ಸರಿಯಾಗಿ 120 ಡಿಗ್ರಿ. ಲೇಥ್‌ನ ಮೂರು ಹಲ್ಲಿನ ಚಕ್ ಪೋಲ್ ಉಂಗುರವನ್ನು ಹಿಡಿದ ಜಾಗಗಳು ಅವು. ಅಳತೆಯಲ್ಲಿ ಉಂಗುರ ಗುಂಡಗೇ ಇತ್ತು. ಆದರೆ ಒತ್ತಿದ ಜಾಗದಲ್ಲಿ ಲೋಹದ ಒಳಗೆ ಒತ್ತಡ ಉಳಿದಿತ್ತು. ಶುದ್ಧ ಕಬ್ಬಿಣದಲ್ಲಿ ಹೀಗೆ ಒತ್ತಡ ಉಳಿದರೆ ಕಾಂತಕ್ಷೇತ್ರ ಸಲೀಸಾಗಿ ಹರಿಯುವುದಿಲ್ಲ.

ಇದಕ್ಕಾಗಿಯೇ ಇಂಥ ಕಬ್ಬಿಣವನ್ನು ಅನೀಲಿಂಗ್ ಮಾಡುತ್ತಾರೆ. ವ್ಯಾಕ್ಯೂಮ್‌ನಲ್ಲೋ ಹೈಡ್ರೋಜನ್‌ನಲ್ಲೋ 850 ಡಿಗ್ರಿ ಆಸುಪಾಸು ಕಾಯಿಸಿ, ನಿಧಾನ ಆರಿಸಿದರೆ ಒಳಗಿನ ಒತ್ತಡ ಬಿಡುಗಡೆ ಆಗುತ್ತದೆ. ಡ್ರಾಯಿಂಗ್‌ನಲ್ಲೂ ಅನೀಲ್ ಮಾಡಿ ಅಂತ ಬರೆದಿತ್ತು. ಶಾಪ್ ಮಾಡಿಸಿತ್ತು ಕೂಡ. ಆದರೆ ಯಾವಾಗ?

ವಾಲ್ವ್ ಸ್ಟೆಮ್ ಮಾಡುವ ಕ್ರಮ ಎಲ್ಲರಿಗೂ ಬಾಯಿಪಾಠ. ಒರಟು ಕಟ್, ಆಮೇಲೆ ಹೀಟ್ ಟ್ರೀಟ್‌ಮೆಂಟ್, ಕೊನೆಗೆ ಗ್ರೈಂಡಿಂಗ್ ಮಾಡಿ ಅಳತೆಗೆ ತರುವುದು. ಬಿಸಿಯಲ್ಲಿ ಭಾಗ ಸ್ವಲ್ಪ ಸೊಟ್ಟಗಾಗುತ್ತದೆ, ಅದಕ್ಕೆ ಫಿನಿಶಿಂಗ್ ಕೊನೆಗೆ. ಇಪ್ಪತ್ತು ಮೂವತ್ತು ವರ್ಷದ ಅನುಭವ ಹೇಳುವುದೇ ಇದು. ಪೋಲ್ ಉಂಗುರಕ್ಕೂ ಅದನ್ನೇ ಮಾಡಿದರು. ಅನೀಲ್ ಆದ ಮೆತ್ತಗಿನ ಕಬ್ಬಿಣವನ್ನು ಮತ್ತೆ ಚಕ್‌ಗೆ ಕಚ್ಚಿಸಿ ಕೊನೆಯ ಕಟ್ ತೆಗೆದರು. ಫರ್ನೇಸ್ ತೆಗೆದ ಒತ್ತಡವನ್ನು ಚಕ್ ವಾಪಸ್ ತುಂಬಿತು. ಕೂಲಂಟ್ ವಿಷಯದಲ್ಲಿ ಆದದ್ದೂ ಇದೇ. ಉಕ್ಕಿಗೆ ಸರಿಯಾದ ಒಳ್ಳೆಯ ಅಭ್ಯಾಸ, ಇಲ್ಲಿ ಭಾಗವನ್ನು ಕೆಡಿಸಿತು. ಡ್ರಾಯಿಂಗ್ ಬರೆದವರಿಗೆ ಅನೀಲಿಂಗ್ ಕೊನೆಯದು ಅನ್ನೋದು ಹೇಳಬೇಕಾದ ಮಾತು ಅಂತಲೇ ಅನಿಸಿರಲಿಲ್ಲ. ಶಾಪ್‌ನವರಿಗೆ ಅದು ಕೇಳಬೇಕಾದ ಪ್ರಶ್ನೆ ಅಂತ ಅನಿಸಿರಲಿಲ್ಲ.

ಟರ್ನರ್ ಹೇಳಿದ್ದು ನಿಜವೋ ಅಂತ ನೋಡುವುದು ಸುಲಭ ಇತ್ತು. ಅದೇ ಉಂಗುರಗಳನ್ನು ಏನೂ ಕತ್ತರಿಸದೆ ಬೆಂಗಳೂರಿನ ಫರ್ನೇಸ್‌ನಲ್ಲಿ ಇನ್ನೊಮ್ಮೆ ಅನೀಲ್ ಮಾಡಿಸಿದೆವು. ಮತ್ತೆ ಅಳೆದಾಗ ಮೂರು ತಗ್ಗು ಮಾಯ. ಒಟ್ಟು ಕಾಂತಕ್ಷೇತ್ರವೂ ಕಂಪ್ಯೂಟರ್ ಲೆಕ್ಕದ ಹತ್ತಿರ ಬಂತು. ಅಳತೆ ಮಾತ್ರ ಕೆಲವು ಮೈಕ್ರಾನ್ ಸರಿದಿತ್ತು.

ಆ ಕೆಲವು ಮೈಕ್ರಾನ್ ಮೇಲೆ ದೊಡ್ಡ ಚರ್ಚೆ ನಡೆಯಿತು. ಟಾಲರೆನ್ಸ್ ಮೀರಿದ ಭಾಗವನ್ನು ಸಹಿ ಹಾಕಿ ಕಳಿಸುವುದು ಯಜಮಾನರ ಮನಸ್ಸಿಗೆ ಒಗ್ಗಲಿಲ್ಲ. ಕೊನೆಗೆ ಡಿಸೈನರ್‌ಗಳೇ ಲೆಕ್ಕ ಹಾಕಿ, ಕೂಡುವ ಮುಖಗಳಲ್ಲಿ ಮಾತ್ರ ಬಿಗಿ ಟಾಲರೆನ್ಸ್ ಇಟ್ಟು, ಉಳಿದ ಕಡೆ ಸಡಿಲ ಮಾಡಿದರು. ಈ ಥ್ರಸ್ಟರ್‌ಗೆ ಹೊರವ್ಯಾಸದ ಐದು ಮೈಕ್ರಾನ್‌ಗಿಂತ ಕಬ್ಬಿಣದ ಒಳಗಿನ ನೆಮ್ಮದಿ ಮುಖ್ಯ. ಹೊಸ ಡ್ರಾಯಿಂಗ್‌ನಲ್ಲಿ ಕೆಲಸದ ಕ್ರಮವೂ ಸೇರಿತು. ಒರಟು ಕಟ್, ನಡುವೆ ಒಂದು ಅನೀಲಿಂಗ್, ಫಿನಿಶ್ ಕಟ್, ಕೊನೆಗೆ ಮತ್ತೆ ಅನೀಲಿಂಗ್. ಅದಾದ ಮೇಲೆ ಕಟ್ ಇಲ್ಲ, ತಟ್ಟುವುದಿಲ್ಲ, ನೆಲಕ್ಕೆ ಬಿದ್ದರೆ ಆ ಭಾಗ ರದ್ದು.

ಬೆಂಗಳೂರಿಗೆ 400 ಕಿಲೋಮೀಟರ್‌ಗೂ ಜಾಸ್ತಿ ದಾರಿ. ಬಸ್ ಪಾರ್ಸೆಲ್‌ನಲ್ಲಿ ಹಾಕುವುದನ್ನು ನಿಲ್ಲಿಸಿ, ಫೋಮ್ ಕೊರೆದ ಪೆಟ್ಟಿಗೆಯಲ್ಲಿ ಒಬ್ಬರು ಕೈಯಲ್ಲೇ ಹಿಡಿದು ಒಯ್ಯುವುದು ಅಂತಾಯಿತು. ಶಾಪ್‌ಗೆ ಒಂದು ಗಾಸ್‌ಮೀಟರ್ ಮತ್ತು ಜೋಡಿಸಿ ಅಳೆಯುವ ಒಂದು ಸ್ಟ್ಯಾಂಡ್ ಕೊಂಡರು. ಈಗ ಪೋಲ್ ಭಾಗಗಳು ಸಿಎಂಎಂನಲ್ಲಿ ಪಾಸಾದರೆ ಸಾಲದು, ಗಾಸ್‌ಮೀಟರ್‌ನಲ್ಲೂ ಪಾಸಾಗಬೇಕು.

ಆನೋಡ್‌ನಲ್ಲಿ ಶಾಪ್ ಹೇಳಿಕೊಟ್ಟದ್ದು

ಕಲಿಕೆ ಒಂದೇ ಕಡೆಯಿಂದ ಆಗಲಿಲ್ಲ. ಆನೋಡ್‌ನ ಸಣ್ಣ ತೂತುಗಳಿಂದ ಕ್ಸೆನಾನ್ ಸುತ್ತಲೂ ಸಮನಾಗಿ ಬರಬೇಕು. ಕಂಪನಿಯವರು ತೂತಿನ ವ್ಯಾಸವನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿ ಪಾಸ್ ಮಾಡುತ್ತಿದ್ದರು. ವಾಲ್ವ್‌ನವರಿಗೆ ಅದು ಸಾಲದು ಅಂತ ತಕ್ಷಣ ಹೊಳೆಯಿತು. ಒಳಬದಿಯಲ್ಲಿ ಒಂದು ಬರ್, ಅಂದರೆ ಕೊರೆದಾಗ ಏಳುವ ಲೋಹದ ಚೂಪು ಅಂಚು, ಉಳಿದರೆ ವ್ಯಾಸ ಸರಿಯೇ ಕಾಣುತ್ತದೆ, ಹರಿವು ಮಾತ್ರ ಕಡಿಮೆ. ಆನೋಡ್ ಅನ್ನು ಭಾಗ ಭಾಗವಾಗಿ ಮುಚ್ಚಿ, ನೈಟ್ರೋಜನ್ ಬಿಟ್ಟು, ಪ್ರತಿ ಭಾಗದ ಹರಿವು ಅಳೆಯುವ ಜಿಗ್ ಅವರೇ ಮಾಡಿದರು. ಹಳೆಯ ಲಾಟ್‌ನ ಒಂದು ಆನೋಡ್ ಅದರಲ್ಲಿ ಫೇಲ್ ಆಯಿತು. ವೆಲ್ಡ್‌ಗಳನ್ನು ಹೀಲಿಯಂ ಹಾಕಿ ಸೋರಿಕೆ ನೋಡುವುದು ಅವರಿಗೆ ಮೊದಲೇ ಬರುತ್ತಿತ್ತು. ಈ ಭಾಗದ ಪರೀಕ್ಷಾ ಕ್ರಮವನ್ನು ಈಗ ಕಂಪನಿಯವರು ಶಾಪ್‌ನಿಂದಲೇ ತೆಗೆದುಕೊಂಡಿದ್ದಾರೆ.

ಏನಾಯಿತು

ಒಣಕಟ್ ಚಾನಲ್, ಕೊನೆಗೆ ಅನೀಲ್ ಆದ ಪೋಲ್‌ಗಳು, ಹರಿವು ಅಳೆದ ಆನೋಡ್ ಹಾಕಿದ ಥ್ರಸ್ಟರ್ ಕರೆಂಟ್ ಓಲಾಡದೆ ಉರಿಯಿತು. ನೂಕುಬಲ ಡಿಸೈನ್ ಹೇಳಿದ ಮಿತಿಯೊಳಗೆ ಬಂತು. ಆಯುಸ್ಸಿನ ಪರೀಕ್ಷೆ ಮುಗಿದಿಲ್ಲ. ಅಯಾನುಗಳು ಚಾನಲ್ ಗೋಡೆಯನ್ನು ನಿಧಾನ ಸವೆಸುತ್ತವೆ. ಸಾವಿರಾರು ಗಂಟೆ ಉರಿಸಿ ನೋಡದೆ ಉಪಗ್ರಹಕ್ಕೆ ಹಾಕಲು ಆಗುವುದಿಲ್ಲ.

ನಮ್ಮ ಊರಿನ ಶಾಪ್‌ಗಳು ಬಾಹ್ಯಾಕಾಶದ ಕೆಲಸ ಅಂದಕೂಡಲೇ ಐದು ಆಕ್ಸಿಸ್ ಮಷಿನ್‌ಗೆ ಸಾಲ ಎಲ್ಲಿ ಸಿಗುತ್ತದೆ ಅಂತ ಹುಡುಕುತ್ತವೆ. ಈ ಪ್ರಕರಣದಲ್ಲಿ ಬೇಕಾದದ್ದು ಒಂದು ಒಣ ಲೇಥ್, ಒಂದು ಓವನ್, ಒಂದು ಗಾಸ್‌ಮೀಟರ್, ಮತ್ತು ಭಾಗ ಏನು ಮಾಡುತ್ತದೆ ಅಂತ ಆಪರೇಟರ್‌ಗೆ ಹೇಳುವ ಒಬ್ಬ ಡಿಸೈನರ್. ಐಐಟಿ ಧಾರವಾಡ ಪಕ್ಕದಲ್ಲಿದೆ, ವಿದ್ಯಾನಗರದಲ್ಲಿ ಇಂಜಿನಿಯರಿಂಗ್ ವಿಶ್ವವಿದ್ಯಾಲಯ ಇದೆ. ಅಲ್ಲಿಂದ ಓದಿ ಬರುವ ಹುಡುಗರು ಒಂದು ಮಳೆಗಾಲ ಇಂಥ ಶಾಪ್‌ನಲ್ಲಿ ಕೂತರೆ ಎರಡೂ ಕಡೆಗೆ ಲಾಭ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಶಾಪ್ ಈಗ ಹೊಸ ಡ್ರಾಯಿಂಗ್ ಬಂದರೆ ಬೆಲೆ ಹೇಳುವ ಮೊದಲು ಒಂದು ಹಾಳೆ ಕಳಿಸುತ್ತದೆ. ವಸ್ತುವಿನ ಗ್ರೇಡ್ ಯಾವುದು, ಯಾವ ದ್ರವ ಮುಟ್ಟಬಾರದು, ಕೊನೆಯ ಕೆಲಸ ಯಾವುದು, ಅಳತೆ ಬಿಟ್ಟು ಇನ್ನೇನು ಪರೀಕ್ಷೆ ಮಾಡಬೇಕು ಅಂತ ಅದರಲ್ಲಿ ಕೇಳಿರುತ್ತದೆ. ಕೆಲವು ಗಿರಾಕಿಗಳು ತುಂಬಿ ಕಳಿಸುತ್ತಾರೆ, ಕೆಲವರು ಕಳಿಸುವುದಿಲ್ಲ. ಕಳಿಸದವರ ಕೆಲಸವನ್ನು ಯಜಮಾನರು ಹಿಡಿಯುವುದಿಲ್ಲ.

ಕಂಪನಿ ಈಗ ಕ್ರಿಪ್ಟಾನ್‌ನಲ್ಲಿ ಉರಿಯುವ ಥ್ರಸ್ಟರ್ ಮಾಡಲು ಹೊರಟಿದೆ. ಗಾಳಿಯ ನೂರು ಕೋಟಿ ಪಾಲಿನಲ್ಲಿ ಕ್ಸೆನಾನ್ ಇರುವುದು 87 ಪಾಲು ಮಾತ್ರ, ಅದಕ್ಕೇ ಅದು ದುಬಾರಿ. ಕ್ರಿಪ್ಟಾನ್ ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಸಿಗುತ್ತದೆ. 2019ರಿಂದ ಸ್ಟಾರ್‌ಲಿಂಕ್ ಉಪಗ್ರಹಗಳು ಅದನ್ನೇ ಬಳಸಿದವು, 2023ರಲ್ಲಿ ಆರ್ಗಾನ್‌ಗೂ ಹೋದವು. ಆದರೆ ಕ್ರಿಪ್ಟಾನ್ ಪರಮಾಣು ಹಗುರ, ಅಯಾನು ಮಾಡಲು ಶಕ್ತಿಯೂ ಜಾಸ್ತಿ ಬೇಕು: ಕ್ಸೆನಾನ್‌ಗೆ 12.1 ಎಲೆಕ್ಟ್ರಾನ್ ವೋಲ್ಟ್, ಇದಕ್ಕೆ 14. ಅದಕ್ಕಾಗಿ ಡಿಸೈನರ್‌ಗಳು ಚಾನಲ್ ಇನ್ನೂ ಆಳ ಮಾಡಿದ್ದಾರೆ. ಆಳ ಹೆಚ್ಚಾದಷ್ಟು ಟೂಲ್ ಉದ್ದ ಬೇಕು, ಉದ್ದ ಟೂಲ್ ನಡುಗುತ್ತದೆ, ನಡುಗಿದರೆ ತಳದ ಮೂಲೆ ಚಕ್ಕೆ ಏಳುತ್ತದೆ. ಮೂಲೆಯನ್ನು ಸ್ವಲ್ಪ ಗುಂಡು ಮಾಡಿ ಅಂತ ಶಾಪ್ ಕೇಳಿದೆ. ಗುಂಡು ಮಾಡಿದರೆ ಆನೋಡ್ ಕೂರುವುದು ಹೇಗೆ ಅಂತ ಕಂಪನಿ ಕೇಳಿದೆ. ಮುಂದಿನ ವಾರ ಡಿಸೈನರ್‌ಗಳು ಮತ್ತೆ ಹುಬ್ಬಳ್ಳಿಗೆ ಬರುತ್ತಿದ್ದಾರೆ.